ಕಾವಿನ ಲೆಕ್ಕ

ಸೊಹಾರಿನಲ್ಲಿ ಐದೂವರೆಗೇ ಬಿಸಿಲು
ಬಾಗಿಲು ತಟ್ಟದೆ ಒಳಗೆ ಬರುತ್ತದೆ.
ರಾತ್ರಿ ಪಾಳಿ ಮುಗಿಸಿ ನಾನೂ ಹಾಗೇ ಬಂದೆ.
ಹರಿಣಾಕ್ಷ ಇನ್ನೂ ಮಲಗಿಲ್ಲ. ಹಗಲು ಕಾಲೇಜಿನ ಲ್ಯಾಬು,
ರಾತ್ರಿ ಪಿಎಚ್‌ಡಿ. ಲುಂಗಿ, ಆರಿದ ಸುಲೈಮಾನಿ,
ಪರದೆಯಲ್ಲಿ ಒಂದು ಗೆರೆ, ಗೆರೆಯ ಮೇಲೆ ಚುಕ್ಕಿಗಳು,
ತಂತಿಯ ಮೇಲೆ ಕಾಗೆ ಕೂತ ಹಾಗೆ.
(ಇಲ್ಲಿಯೂ ಇವೆ ಕಾಗೆ. ನಮ್ಮ ಕಡೆಯವೇ, ಹಡಗು ಹತ್ತಿ ಬಂದವು.)

"ಎಷ್ಟು ಬಂತು ಇವತ್ತು?"
ಮನೆಯಲ್ಲಿ ಜ್ವರದ ಮಗುವಿದ್ದಂತೆ ಕೇಳುತ್ತೇನೆ.
"ನಿನ್ನೆಯದೇ. ಒಂದೂಮುಕ್ಕಾಲು ಲಕ್ಷ ಕೋಟಿ ಡಿಗ್ರಿ,
ಮೇಲೆ ಚಿಲ್ಲರೆ."

ನನ್ನದು ಬರೀ ಒಂಬೈನೂರ ಅರುವತ್ತು.
ಅಲ್ಯುಮಿನಿಯಮ್ ತೊಟ್ಟಿಗೆ ಉದ್ದ ಸರಳು ಅದ್ದಿ
ಬಂದ ಅಂಕಿಯನ್ನು ಬರೆದುಕೊಳ್ಳುತ್ತೇನೆ.
ಅಲ್ಲಿಯ ಕಾಂತಕ್ಕೆ ಮೂರು ಕೈಗಡಿಯಾರ ಸತ್ತಿವೆ,
ನಾಲ್ಕನೆಯದು ಕೊಳ್ಳಲಿಲ್ಲ.
"ನೀನು ಏನು ಅದ್ದುತ್ತೀಯ ಮಾರಾಯ?"

ಅದ್ದಲಿಕ್ಕೆ ಅಲ್ಲಿ ಏನೂ ಉಳಿದಿರುವುದಿಲ್ಲವಂತೆ.
ಸೀಸದ ನ್ಯೂಕ್ಲಿಯಸ್ಸಿಗೆ ಸೀಸದ್ದೇ ಡಿಕ್ಕಿ ಹೊಡೆದು
ಒಂದು ಸಾರು ಆಗುತ್ತದಂತೆ. ಒಂದು ರೆಪ್ಪೆಬಡಿತ
ಅದಕ್ಕೆ ಕಲ್ಪ. ಹಬ್ಬಿ, ತಣಿದು, ಹೆಪ್ಪುಗಟ್ಟಿದಲ್ಲಿಗೆ
ತಲೆಯೆಣಿಕೆ ಮುಗಿಯಿತು: ಪಯಾನ್ ಇಷ್ಟು, ಕೇಯಾನ್ ಇಷ್ಟು,
ಒಮೆಗಾ ಬೆರಳೆಣಿಕೆ.
ಆಮೇಲೂ ತಳ್ಳಾಡುತ್ತವೆ, ಆದರೆ ಒಂದು ಇನ್ನೊಂದಾಗುವುದು ಕಡಿಮೆ.
ಎಣಿಕೆಯೇ ಥರ್ಮಾಮೀಟರು.

ಇದು ನನಗೆ ಗೊತ್ತಿತ್ತು, ಹೆಸರು ಗೊತ್ತಿರಲಿಲ್ಲ ಅಷ್ಟೆ.
ಶುಕ್ರವಾರ ಬೆಳಿಗ್ಗೆ ಸಿಂಕಿನಲ್ಲಿ ಗುರುವಾರದ ರಾತ್ರಿ ಇರುತ್ತದೆ,
ಏಡಿಯ ಚಿಪ್ಪು, ಲೋಟ ಒಂಬತ್ತು, ಒಂದು ತಟ್ಟೆಯಲ್ಲಿ
ಮುಟ್ಟದ ಅನ್ನ.
ಯಾರು ಬಂದಿದ್ದರು, ಮಾತು ಎಷ್ಟು ಕಾದಿತ್ತು,
ಯಾರು ಉಣ್ಣದೆ ಎದ್ದು ಹೋದರು
ತೊಳೆಯುತ್ತಾ ತೊಳೆಯುತ್ತಾ ಹೇಳಬಲ್ಲೆ.

"ಮೂರೇ ಅಂಕಿ ಲಿಗೋರಿ. ಕಾವು, ಗಾತ್ರ,
ಮತ್ತೆ ತಂದ ಬಂಡವಾಳದಲ್ಲಿ ಎಷ್ಟು ಉಳಿಯಿತು ಅನ್ನುವುದು.
ಇಷ್ಟಕ್ಕೆ ಎಲ್ಲವೂ ಗೆರೆಗೆ ಬೀಳುತ್ತದೆ."
ಎಲ್ಲವೂ?
ಬೆರಳಿಟ್ಟ. ಗೆರೆಯ ಕೆಳಗೆ ಒಂದು ಕಾಗೆ.
ಪ್ರೋಟಾನು. ಅವನ ಲೆಕ್ಕಕ್ಕಿಂತ ಪ್ರತಿ ಸಲವೂ ಕಡಿಮೆ.
ಕೊನೆಯ ತಳ್ಳಾಟದಲ್ಲಿ ತನ್ನ ಎದುರಾಳಿಗೆ ಸಿಕ್ಕಿ ಅಳಿಯಿತು ಎಂದು ಕೆಲವರು,
ಲೆಕ್ಕವೇ ಅಪೂರ್ಣ ಎಂದು ಕೆಲವರು.

ಬಾಗಿಲ ಬಳಿ ಏಳು ಜೊತೆ ಚಪ್ಪಲಿ ಇರಬೇಕು.
ಅನ್ಸಾರ್ ವೀಸಾ ರದ್ದಾಗಿ ಹೋಗಿ ಆರು ತಿಂಗಳು.
ಬಾಡಿಗೆಯನ್ನು ಈಗಲೂ ಏಳರಿಂದಲೇ ಭಾಗಿಸುತ್ತೇವೆ.
ಆ ಪಾಲು ಯಾರು ಹಾಕುತ್ತಾರೆ, ನಾನು ಕೇಳಿಲ್ಲ.
ಹರಿಣಾಕ್ಷನೂ ಹೇಳಿಲ್ಲ.

"ಇದು ಯಾವುದು, ತುದಿಯಲ್ಲಿ?"
"ಡ್ಯೂಟರಾನ್. ಒಂದು ಪ್ರೋಟಾನು, ಒಂದು ನ್ಯೂಟ್ರಾನು,
ನಡುವೆ ನೂಲೆಳೆಯಷ್ಟು ಹಿಡಿತ. ಆ ಕಾವಿನ
ಎಪ್ಪತ್ತರಲ್ಲಿ ಒಂದು ಪಾಲು ಸಾಕು ಬಿಡಿಸಲಿಕ್ಕೆ.
ಹೇಗೆ ಉಳಿಯಿತೋ. ನೋಡು, ಸರಿಯಾಗಿ ಗೆರೆಯ ಮೇಲೇ."

ಆರಿದ ಚಹಾವನ್ನು ಮತ್ತೆ ಒಲೆಗಿಟ್ಟ.
ಹೊರಗೆ ಆಗಲೇ ಮೂವತ್ತೊಂಬತ್ತು.
ಗಂಟೆ ಎಷ್ಟಾಯಿತೆಂದು
ನನ್ನ ಬರಿಯ ಮಣಿಕಟ್ಟು ನೋಡಿಕೊಂಡೆ.