ಕಲಂ ಹದಿನಾಲ್ಕು: ಗೋಡೆಯ ಬಣ್ಣ

ಕೋಡಿಬಾಗದಲ್ಲಿ, ಕಾಳಿ ಕಡಲಿಗೆ ಬಾಯ್ದೆರೆವಲ್ಲಿ,
ಮನೆ ನಂಬರು ನಲವತ್ತೊಂದಕ್ಕೆ
ಟೇಪು, ನಮೂನೆ, ಕ್ಯಾಮರಾ ಹಿಡಿದು ಹೋದವಳು ನಾನು,
ನಗರಸಭೆಯ ಕಿರಿಯ ಎಂಜಿನಿಯರು.
ಖಾಸಗಿ ಮನೆಯೊಂದನ್ನು ಊರಿನ ಹೆಗ್ಗುರುತೆಂದು
ಬರೆದುಕೊಂಡು ಬರಬೇಕಿತ್ತು, ಸಂಜೆಯೊಳಗೆ.

ಕಟ್ಟಿದವರು?
ನಮ್ಮಜ್ಜ, ಅಂದರು ಸುಮಿತ್ರಾ ಕೊಠಾರಕರ,
ಹೊಳೆಯಲ್ಲಿ ತೇಲಿ ಬರುತ್ತಿದ್ದ ಸಾಗವಾನಿಯ ದಲ್ಲಾಳಿ.
ಮಹಾಪುರುಷರು ಯಾರಾದರೂ ತಂಗಿದ್ದರೆ?
ಒಬ್ಬ ಮಾಮಲೇದಾರ ಬಂದಿದ್ದನಂತೆ. ಬಾಕಿ ವಸೂಲಿಗೆ.
ವಿಶೇಷ ಘಟನೆ?
ಅವರು ಯೋಚಿಸಿದರು. ಮಾಳಿಗೆಯಲ್ಲಿ ಅವರ ಟೈಪಿಂಗ್ ಕ್ಲಾಸಿನ
ಹನ್ನೊಂದು ಯಂತ್ರ ಒಟ್ಟಿಗೆ ಆಲಿಕಲ್ಲು ಸುರಿಸುತ್ತಿದ್ದವು.
"ಹಂಚು ಒಡೆದರೆ ಇನ್ನು ಯಾರನ್ನು ಕೇಳಬೇಕು, ಬಾಯೋರೆ?
ಮಳೆ ನಿಮ್ಮ ಸಭೆಗೆ ಕಾಯುತ್ತದೆಯೆ?"
ಅದಕ್ಕೊಂದು ಕಲಂ ಇರಲಿಲ್ಲ.

ಅಳೆದೆ. ಗೋಡೆಯ ದಪ್ಪ ಎರಡಡಿ ಮೂರಿಂಚು.
ಉಗುರಲ್ಲಿ ಕೆರೆದರೆ ಸುಣ್ಣ,
ಸುಣ್ಣದ ಕೆಳಗೆ ಸುಣ್ಣ, ಅದರ ಕೆಳಗೂ ಸುಣ್ಣ,
ಮಂಡಿಗೆಯ ಪದರದ ಹಾಗೆ;
ಎಲ್ಲಕ್ಕೂ ಕೆಳಗೆ ಚಿರೇಕಲ್ಲು, ಹಸಿಗಾಯದ ಕೆಂಪು.
ಧಾರವಾಡದಿಂದ ಬಂದ ತಜ್ಞರಿಗೆ ಖುಷಿಯೋ ಖುಷಿ.
ಇದೇ ಮೂಲ ಸ್ವರೂಪ, ಅಂದರು. ಕೆರೆದು ತೆಗೆಯಿರಿ, ಕಲ್ಲು ಕಾಣಲಿ.
ಕಲಂ ಹದಿನಾಲ್ಕು, ಗೋಡೆಯ ಬಣ್ಣ:
ಕೆಂಪು, ಎಂದು ಬರೆಸಿದರು.

ಮರುದಿನ ಕಚೇರಿ ಮೆಟ್ಟಿಲ ಮೇಲೆ ಪುರ್ಸು ತಾಂಡೇಲ,
ಜೊತೆಗೆ ಆರು ಜನ, ಯಾರ ಕೈಯಲ್ಲೂ ಅರ್ಜಿಯಿಲ್ಲ.
"ಬರೆಯುವ ಮೊದಲು ಮನೆ ಒಮ್ಮೆ ನೋಡಿ."
ನೋಡಿದ್ದೇನಲ್ಲ.
"ರಸ್ತೆಯಿಂದ ನೋಡಿದ್ದೀರಿ."

ದೋಣಿ ಅಳಿವೆ ದಾಟಿತು. ನನ್ನ ಹೊಟ್ಟೆ ದಾಟಲಿಲ್ಲ.
ತಿರುಗಿ ನೋಡಿದರೆ ಸದಾಶಿವಗಡ ಎಡಕ್ಕೆ ಸರಿದು,
ಸೇತುವೆ ಒಂದು ಎಳೆ ಹೊಲಿಗೆಯಾಗಿ,
ಬಸ್ ಸ್ಟ್ಯಾಂಡು, ಕಚೇರಿ, ಹೊಸ ಹೋಟೆಲಿನ ಗಾಜು
ಎಲ್ಲ ಒಂದೇ ಬೂದಿ ಗೆರೆಯಾಗಿ ಕರಗಿದ ಮೇಲೂ
ಕರಗದೆ ಉಳಿದದ್ದು
ಬೂದಿಯಲ್ಲಿ ಬಿದ್ದ ಒಂದು ಅನ್ನದ ಅಗುಳು.
ಮನೆ ನಂಬರು ನಲವತ್ತೊಂದು.

ಪುರ್ಸು ಎಂಜಿನ್ ಆರಿಸಿದ.
"ಮರಳಿನ ದಿಬ್ಬ ಮಳೆಗಾಲಕ್ಕೊಮ್ಮೆ ಮಗ್ಗುಲು ಬದಲಿಸುತ್ತದೆ.
ಹೋದ ವರ್ಷ ಹಿಂದಿನ ಗುಡ್ಡದ ನೆತ್ತಿ
ಆ ಮನೆಯ ಬಾಗಿಲ ಮೇಲೆ ಕೂತರೆ ದಾರಿ.
ಈ ವರ್ಷ ಎರಡನೇ ಕಿಟಕಿ.
ಅಪ್ಪನ ಕಾಲದಲ್ಲಿ ಬಾವಿಕಟ್ಟೆವರೆಗೂ ಹೋಗಿತ್ತಂತೆ.
ಮೊಬೈಲಲ್ಲಿ ನಕ್ಷೆ ಇದೆ, ಇಲ್ಲ ಅನ್ನುವುದಿಲ್ಲ.
ಅದಕ್ಕೆ ಗೊತ್ತಿರುವುದು ಹೋದ ವರ್ಷದ ಮರಳು."

ಮೊದಲು ಬಳಿದವನು ಅಜ್ಜನೇ. ಸಾಲಕ್ಕೆ ಬದಲು
ಯಾರೋ ಎರಡು ಗಾಡಿ ಚಿಪ್ಪಿನ ಸುಣ್ಣ ತಂದು ಸುರಿದರಂತೆ,
ಇನ್ನೇನು ಮಾಡಬೇಕಿತ್ತು?
ಆಮೇಲೆ ನವರಾತ್ರಿ ಕಳೆದು ಮಳೆ ಹಿಂದೆಗೆದೊಡನೆ
ಬಳಚಿನ ಚಿಪ್ಪು ಸುಟ್ಟು, ಸುಣ್ಣ ಅರಳಿಸಿ,
ಇವರೇ ಬಂದು ಬಳಿಯುತ್ತಾರೆ, ಯಾರನ್ನೂ ಕೇಳದೆ.
ಸುಮಿತ್ರಾಬಾಯಿ ಚಹಾ ಕೊಡುತ್ತಾರೆ,
ಚಹಾದ ಜೊತೆಗೆ ಬೈಗುಳ,
ಅಬ್ಬಲಿಗೆ ಗಿಡದ ಮೇಲೆ ಸುಣ್ಣ ಚೆಲ್ಲಿದ್ದಕ್ಕೆ.
ಇದು ಎಲ್ಲಿಯೂ ಬರೆದಿಟ್ಟಿಲ್ಲ.

ದೋಣಿಯಲ್ಲೇ ನಮೂನೆ ಬಿಡಿಸಿದೆ.
ಉಪ್ಪುನೀರು ಚಿಮ್ಮಿ ಕೆಂಪು ಎಂಬ ಮಾತು
ಅರ್ಧ ನೀಲಿಯಾಗಿ ಹರಡಿತ್ತು. ಹೊಡೆದುಹಾಕಿ
ಬಿಳಿ, ಎಂದು ಬರೆದೆ, ಅಕ್ಷರ ಅಲ್ಲಾಡುತ್ತ.
ಮನೆಗೆ ಹೋಗುವ ದಾರಿ ಎಂಬಲ್ಲಿ:
ಪಶ್ಚಿಮದಿಂದ, ಎರಡನೇ ಕಿಟಕಿ ಹಿಡಿದು.

ಮೂರು ವಾರಕ್ಕೆ ಕಡತ ಹಿಂದೆ ಬಂತು.
ರಸ್ತೆಯ ಹೆಸರು ನಮೂದಿಸಿ.
ಕಿಟಕಿಯ ವಿಷಯ ಸ್ಪಷ್ಟಪಡಿಸಿ.
ಹಂಚಿನ ಬಗ್ಗೆ ಯಾರೂ ಏನೂ ಹೇಳಿಲ್ಲ,
ಅಲ್ಲಿ ಆಗಲೇ ನಾಲ್ಕು ಒಡೆದಿವೆ.

ತಜ್ಞರಿಗೆ ಮತ್ತೆ ಪತ್ರ ಹಾಕಿದ್ದೇನೆ:
ಸೋಮವಾರ, ಬೆಳಿಗ್ಗೆ ಆರೂವರೆ,
ಕಚೇರಿಗೆ ಬೇಡ, ಧಕ್ಕೆಗೆ ಬನ್ನಿ.
ಕೊಡೆ ಬೇಡ, ಬೂಟು ಬೇಡ.
ಒಂದು ಲಿಂಬೆಹಣ್ಣು ಇರಲಿ ಕಿಸೆಯಲ್ಲಿ.