ಹೊಳೆಮತ್ತಿ

ದೊಡ್ಡವರಿಗೆ ಹತ್ತು ರೂಪಾಯಿ, ಹುಡುಗರಿಗೆ ಐದು.
ದರದ ಫಲಕಾನೂ ನಂದ. ಹತ್ತರ ಸೊನ್ನಿ
ಒಂಚೂರು ವಾಲೇತಿ, ಅವತ್ತು ನನಗ ಜ್ವರಾ ಇತ್ತು.
"ಇದನ್ನ ಬರದಾಂವ ನಾನ" ಅಂದೆ. ಮಾಲತೇಶ ತಲಿ ಎತ್ತಲಿಲ್ಲ,
ಚೀಟಿ ಹರದ ಕೊಟ್ಟ, ಚಿಲ್ಲರ ಕೇಳಿದ.

ಕರ್ಜಗಿ ದಾಟಿದ ಮ್ಯಾಲೆ, ವರದಾ ದಂಡಿಗೆ, ಈ ಗಿಡದ ತ್ವಾಟ.
ಒಂಬತ್ತು ವರ್ಷದ ಹಿಂದ ಫಾರೆಸ್ಟಿನವರು
ನೂರಾ ಹದಿನಾಲ್ಕು ತಗಡು ತಂದು ಅಂಗಡ್ಯಾಗ ಒಗದು
ಹೆಸರಿನ ಪಟ್ಟಿ ಕೊಟ್ಟು ಹೋಗಿದ್ದರು.
ಹಸರಿನ ಮ್ಯಾಲೆ ಬಿಳೇ ಅಕ್ಷರ. ಮ್ಯಾಲಿನ ಸಾಲು ಕನ್ನಡ,
ಕೆಳಗ ನನಗ ಓದಾಕ ಬರದ ಇನ್ನೊಂದು ಹೆಸರು,
ಇರಿವಿ ಸಾಲು ನೋಡಿ ಇರಿವಿ ಸಾಲು ತಿದ್ದಿದಂಗ.
ಒಂದು ಗಿಡಾನೂ ನೋಡಿರಲಿಲ್ಲ.
ಹಾವೇರಿ ಬಸ್‌ಸ್ಟ್ಯಾಂಡಿನ ಹಿಂದ, ಶಟರ್ ಅರ್ಧಾ ಇಳಿಸಿ,
ಹದಿನೇಳು ದಿನದಾಗ ಒಂದು ಅಡವಿ ಬರದು ಮುಗಿಸಿದ್ದೆ.

ಇವತ್ತು ಅಲ್ಫಿಯಾ ಮುಂದ, ನಾನು ಹಿಂದ.
ಮೂರನೇತ್ತಾ. ಈಗೀಗ ಕಂಡದ್ದೆಲ್ಲಾ ಓದತಾಳ:
ಬಸ್ಸಿನ ಬೋರ್ಡು, ಬಿಸ್ಕೀಟಿನ ಪಾಕೀಟು, ಗ್ವಾಡಿಮ್ಯಾಲಿನ ಬೈಗುಳ.
"ತಪಸಿ" ಅಂತ ಓದಿ ತಪಸಿಗೆ ಕೈ ಹಚ್ಚತಾಳ.
"ಹುಣಸೆ" ಓದಿ, "ಇದು ಇಮ್ಲಿ ಅಲ್ಲೇನ್ ಅಬ್ಬಾ?"
ಹೌದವಾ, ಸಾಲ್ಯಾಗ ಹುಣಸೆ, ಅಡಗಿಮನ್ಯಾಗ ಇಮ್ಲಿ.
ಗಿಡಕ್ಕ ಎರಡೂ ಗೊತ್ತಿಲ್ಲ, ಕಾಯಿ ಮಾತ್ರ ಹುಳಿ.

ಒಂದ ಕಡೆ ಬೇವಿಗೆ "ಹೊಂಗೆ" ಅಂತ ಮೊಳಿ ಬಡದಾರ.
ಎಲಿ ಚಿವುಟಿ ನಾಲಗಿಗೆ ಇಟ್ಟು ಮಾರಿ ಕಿವುಚಿದಳು,
"ತಪ್ಪು ಬರದೀ."
ಬರದದ್ದು ತಪ್ಪಲ್ಲ, ಬಡದದ್ದು ತಪ್ಪು ಅಂದೆ.
ಆಕಿ ನಂಬಲಿಲ್ಲ. ನಾನೂ ಪೂರಾ ನಂಬಲಿಲ್ಲ.

ಹೊಳಿ ಹತ್ತರ ಬಂದಂಗ ಕೊಂಬಿಗೆ ಕೊಂಬಿಗೆ ಕಸ.
ಮಳಿಗಾಲದ ನೀರು ಬಿಟ್ಟು ಹೋದ ಹಳೇ ಕಣಕಿ,
ಗೊಬ್ಬರಚೀಲದ ಚಿಂದಿ, ಒಂದು ಕೆಂಪು ಕುಪ್ಪಸದ ತೋಳು,
ನನ್ನ ತಲಿಗಿಂತ ಎರಡು ಮೊಳ ಮ್ಯಾಲೆ.
"ಅಷ್ಟು ಎತ್ತರಕ್ಕ ಯಾರು ಒಣಾಹಾಕ್ಯಾರ?"
"ಹೊಳಿ."
ಕೆಳಗ ನೋಡಿದಳು. ಬಂಡಿಗಲ್ಲಿನ ನಡುವ
ಮೊಣಕಾಲು ಮುಚ್ಚದಷ್ಟು ನೀರು, ಅದರಾಗೊಂದು ಬೆಳ್ಳಕ್ಕಿ
ಎರಡನೇ ಕಾಲು ತೊಯ್ಯಬಾರದು ಅನ್ನೋಹಂಗ ನಿಂತಿತ್ತು.
ಮತ್ತ ಮ್ಯಾಲೆ ನೋಡಿದಳು.
ಲೆಕ್ಕ ಕೂಡಲಿಲ್ಲ.

ನೀರಿಗೆ ವಾಲಿ ನಿಂತದ್ದು ಕಡೀ ಗಿಡ,
ಬೂದಿಬಣ್ಣದ ತೊಗಟಿ, ತೊಳದ ಎಮ್ಮಿ ಮೈಯಂಗ ಥಣ್ಣಗ.
ತನ್ನ ಫಲಕಾನ ತಾನ ನುಂಗಾಕ ಹತ್ತಿತ್ತು,
ಬಲಗಡೆಯಿಂದ, ಏನೂ ಅವಸರ ಇಲ್ಲದ.
ಮೊಳಿ ಒಳಗ. ಮ ಒಳಗ, ತ್ತಿ ಒಳಗ.
ಕೆಳಗಿನ ಆ ಇನ್ನೊಂದು ಹೆಸರಿನ ಬಾಲಾ ಸೈತ ಒಳಗ.
ಮೂಲ್ಯಾಗ ಸಣ್ಣಗ ಬರದಿದ್ದ "ದಾವಲ್ ಆರ್ಟ್ಸ್", ಅದೂ.

ಅಲ್ಫಿಯಾ ತುದಿಗಾಲಿನ ಮ್ಯಾಲೆ ನಿಂತು ಬೆರಳಿಟ್ಟಳು:
"ಹೊ. ಳೆ."
ಓದಿ, ನೀರು ನೋಡಿದಳು, ಮ್ಯಾಲಿನ ಕೆಂಪು ತೋಳು ನೋಡಿದಳು,
ಇದೊಂದು ಸರಿ ಬರದೀ ಅನ್ನೋಹಂಗ ನನ್ನ ನೋಡಿದಳು.

ಗಾರ್ಡ್ ಗುಡ್ಡಪ್ಪ ಬೀಡಿ ಮರಿ ಮಾಡಿಕೊಂಡು ಬಂದ.
"ಬರೂ ತಿಂಗಳು ಇವನ್ನೆಲ್ಲಾ ಕೀಳತಾರ.
ಹೊಸಾವು ಬರತಾವು, ಮೊಬೈಲ್ ಹಿಡದರ
ಗಿಡಾನ ಮಾತಾಡತೈತೆಂತ."
ಇದನ್ನ ಹೆಂಗ ಕೀಳತೀರಿ, ಕೇಳಿದೆ.
ಆತ ತಗಡು ಹಿಡದು ಜಗ್ಗಿದ. ಒಂದಿಷ್ಟು ಇರಿವಿ ಬಂದವು.
ಕೈ ಒರಸಿಕೊಂಡು, "ಇದು ಇರಲಿ ಬಿಡ್ರಿ" ಅಂದ.

ಅದರ ಬುಡದಾಗ ಬುತ್ತಿ ಬಿಚ್ಚಿದ್ವಿ.
ರೊಟ್ಟಿ, ಶೇಂಗಾ ಹಿಂಡಿ, ಎರಡು ಉಳ್ಳಾಗಡ್ಡಿ.
ಬಾಯಾಗಿನ ತುತ್ತು ಬಾಯಾಗ ಇಟಗೊಂಡ ಕೇಳಿದಳು,
"ಒಳಗ ಹೋದದ್ದು ಏನಂತ ಬರದಿದ್ದಿ?"

ಮರತೇನಿ ಅಂದೆ.
ನಾಲ್ಕೂವರಿ ಬಸ್ಸಿಗೆ ಇನ್ನೂ ಹೊತ್ತಿತ್ತು.