ಹದಿನಾಲ್ಕನೇ ಕಾಲಂ

ಕಾರವಾರದ ಈ ಕಾಲೇಜಿನ ಎರಡನೇ ಕಿಟಕಿಯಲ್ಲಿ
ಇಪ್ಪತ್ತಾರು ಜೂನ್‌ಗಳನ್ನು ಕಳೆದವನು ನಾನು.
ಬೈತಖೋಲದಲ್ಲಿ ಟ್ರಾಲರುಗಳು ರಜೆ ಹಾಕಿ
ಒಂದಕ್ಕೊಂದು ಭುಜ ತಾಗಿಸಿ ನಿಲ್ಲುವ ತಿಂಗಳು.
ನನ್ನ ಕಿಟಕಿಯ ಮುಂದೆಯೂ ಹಾಗೇ:
ಒದ್ದೆ ಛತ್ರಿ, ಪ್ಲಾಸ್ಟಿಕ್ಕಿನೊಳಗೆ ಮಾರ್ಕ್ಸ್ ಕಾರ್ಡು,
ಮಗಳಿಗಿಂತ ಹೆಚ್ಚು ಹೆದರಿದ ಅಪ್ಪ.

ಅರ್ಜಿಯಲ್ಲಿ ಹದಿನಾಲ್ಕನೇ ಕಾಲಂ, ಮಾತೃಭಾಷೆ.
ಕಂಪ್ಯೂಟರಿನಲ್ಲಿ ಐದು ಆಯ್ಕೆ. ಐದನೆಯದು ‘ಇತರೆ’.
ಗಂಟೆಗೆ ಹದಿನೆಂಟು ಅರ್ಜಿ ಮುಗಿಸುವವನಿಗೆ
ಇತರೆ ಎಂಬುದು ದೊಡ್ಡ ಉಪಕಾರ,
ಎಲ್ಲಿಡಬೇಕೋ ತಿಳಿಯದ ಸಾಮಾನನ್ನೆಲ್ಲ
ಅಟ್ಟಕ್ಕೆ ಏರಿಸಿದ ಹಾಗೆ.

ಭಟ್ಕಳದ ಫರ್ಹಾನಾ ದಾಮುದಿ ‘ನವಾಯತಿ’ ಅಂದಳು.
ನಾನು ಉರ್ದು ಒತ್ತಿದೆ.
ಅವಳು ಬಗ್ಗಿ, ಜಗಳದ ದನಿಯಲ್ಲಲ್ಲ,
ಚಿಲ್ಲರೆ ಕಡಿಮೆ ಬಂದಾಗ ಕೇಳುವಂತೆ,
‘ಸರ್, ನವಾಯತಿ’ ಅಂದಳು ಮತ್ತೆ.

ಮುಂಡಗೋಡದ ಕ್ಯಾಂಪಿನಿಂದ ಮೂವರು ತೆನ್ಜಿನ್‌ಗಳು ಬಂದ ವರ್ಷ
ಅಡ್ಡಹೆಸರಿಲ್ಲದೆ ಪರದೆ ಮುಂದೆ ಸರಿಯಲೊಲ್ಲದು.
ಮೂವರಿಗೂ ಒಂದೊಂದು ಚುಕ್ಕೆ ಇಟ್ಟು ದಾಟಿಸಿದೆ.
ಪದವಿ ಪತ್ರದಲ್ಲೂ ಆ ಚುಕ್ಕೆ ಬಂತಂತೆ.
ಒಬ್ಬಳು ನಗುತ್ತಲೇ ಹೇಳಿದಳು,
‘ನಮ್ಮ ಮನೆತನದ ಹೆಸರು ನೀವಿಟ್ಟದ್ದು.’
ನಾನೂ ನಕ್ಕೆ. ಮಧ್ಯಾಹ್ನ ಊಟ ಸೇರಲಿಲ್ಲ.

ರೆಮೆತಿ ಇನಾಸ್ ಸಿದ್ದಿ, ಹಳಿಯಾಳ ಕಡೆಯವಳು, ರಸಾಯನಶಾಸ್ತ್ರ.
ಯಾರೇ ದೊಡ್ಡವರು ಬರಲಿ
ಸಾಂಸ್ಕೃತಿಕ ಸಮಿತಿ ಅವಳನ್ನು ಹುಡುಕುತ್ತದೆ:
ಡಮಾಮು ತರಿಸಿದ್ದೇವೆ, ಎಲೆಯ ಸೊಂಟಪಟ್ಟಿಯೂ ಇದೆ, ಕುಣಿ.
ಹಿಂದೆ ಬ್ಯಾನರು: ‘ನಾವೆಲ್ಲ ಒಂದೇ’.
ಎರಡು ವರ್ಷ ಕುಣಿದಳು. ಮೂರನೇ ವರ್ಷ
ಪ್ರಾಂಶುಪಾಲರ ಮೇಜಿನ ಮೇಲೆ ಚೀಟಿ ಇಟ್ಟಳು,
ಸುತ್ತಿ ಬಳಸಿ ಅದು ನನ್ನ ಕಡತಕ್ಕೇ ಬಂತು:
‘ಡಮಾಮಿ ನಮ್ಮ ಮನೆಯದು, ಮನೆಯಲ್ಲಿ ಕುಣಿಯುತ್ತೇನೆ.
ಇಲ್ಲಿ ನನಗೆ ಕಾಳಿ ಅಳಿವೆಯ ನೀರಿನ ಬಗ್ಗೆ
ಹತ್ತು ನಿಮಿಷ ಮಾತಾಡಬೇಕಿದೆ.’
ಏಳು ನಿಮಿಷ ಕೊಟ್ಟರು.
ಉಬ್ಬರದಲ್ಲಿ ಉಪ್ಪು ಕದ್ರಾ ದಿಕ್ಕಿಗೆ ಎಷ್ಟು ದೂರ ಏರುತ್ತದೆ,
ದಂಡೆಯ ಬಾವಿಗಳು ಯಾವ ತಿಂಗಳು ಕೆಡುತ್ತವೆ, ಹೇಳಿದಳು.
ಮುಂದಿನ ಸಾಲಿನ ಅತಿಥಿ ಪಕ್ಕದವರ ಕಿವಿಯಲ್ಲಿ
‘ನೃತ್ಯ ಯಾವಾಗ?’ ಅಂದರು.
ಮೈಕು ಅದನ್ನೂ ಹಿಡಿಯಿತು.

ಈ ವರ್ಷ ಮಾಜಾಳಿಯ ಸುರಂಗಿ ತಾಂಡೇಲ ಮಗನನ್ನು ಕರೆತಂದಳು.
ಹುಟ್ಟಿನಿಂದ ಕಿವಿ ಕೇಳದ ಹುಡುಗ, ಬಿ.ಕಾಂ. ಬೇಕಂತೆ.
‘ಮನೆಯಲ್ಲಿ ಯಾವ ಭಾಷೆ?’ ಅಂದೆ, ತಲೆ ಎತ್ತದೆ.
‘ನನ್ನದು ಕೊಂಕಣಿ. ಇವನದು…’
ಮಾತು ಅಲ್ಲಿಗೇ ಬಿಟ್ಟು ಅವನತ್ತ ತಿರುಗಿದಳು.
ಎರಡು ಬೆರಳು ಕೂಡಿಸಿದಳು, ಅಂಗೈ ಮಗುಚಿದಳು,
ಕಿರುಬೆರಳಿಂದ ಗಲ್ಲ ಮುಟ್ಟಿದಳು.
ಹುಡುಗ ಹೊಟ್ಟೆ ಹಿಡಿದು ನಕ್ಕ.
‘ಏನು ಹೇಳಿದ್ದು?’
‘ನಿಮ್ಮ ಬಗ್ಗೆ. ಬೇಡ ಬಿಡಿ, ಸಾಹೇಬರೇ.’

ಗಾಜಿನ ಈಚೆ, ಮೊದಲ ಸಲ,
ಇತರೆ ಆಗಿ ಕೂತಿದ್ದೆ ನಾನು.

ಕಂಪ್ಯೂಟರು ಕೇಳಿದ್ದನ್ನು ಕಂಪ್ಯೂಟರಿಗೆ ಕೊಟ್ಟೆ.
ಕಾಗದದ ಅರ್ಜಿಯಲ್ಲಿ ಮಾತ್ರ, ನೀಲಿ ಶಾಯಿಯಲ್ಲಿ,
‘ತಾಯಿಯ ಕೈ’ ಎಂದು ಬರೆದು ರುಜು ಹಾಕಿದೆ.
ಮೇಲಿನವರು ಕರೆದು ಕೇಳಿದರು, ಇದೇನು, ಕವಿತೆಯೋ?
ಮಾಹಿತಿ, ಅಂದೆ.

ತರಗತಿಗೆ ಸನ್ನೆಭಾಷೆ ಬಲ್ಲವರೊಬ್ಬರು ಬೇಕೆಂಬ ಟಿಪ್ಪಣಿ
ಹೊರಟು ಮೂರನೇ ಮೇಜಿಗೆ ತಲುಪಿದೆ.
ಬ್ಯಾನರಿಗೆ ಹಣ ಒಂದೇ ದಿನದಲ್ಲಿ ಮಂಜೂರಾಗಿತ್ತು,
ಅದನ್ನೂ ಕೊನೆಗೊಂದು ಸಾಲು ಸೇರಿಸಿದ್ದೇನೆ.

ಹುಡುಗ ದಿನವೂ ಹತ್ತಕ್ಕೆ ಬಂದು
ಕೈಯಲ್ಲೇ ಕೇಳುತ್ತಾನೆ, ಬಂತೇ?
ನಾನು ಈವರೆಗೆ ಕಲಿತದ್ದು ಒಂದೇ ಮಾತು: ಇನ್ನೂ ಇಲ್ಲ.
ಅದೂ ತಪ್ಪುತ್ತದೆ.
ಗಾಜಿನ ಕೆಳಗಿನ ಕಂಡಿಯಿಂದ ಕೈ ತೂರಿಸಿ
ನನ್ನ ಹೆಬ್ಬೆರಳನ್ನು ಅವನು ಸರಿಪಡಿಸುತ್ತಾನೆ.